ಕೊನೆಯ ಅಧ್ಯಾಯಕ್ಕೆ ಜಾಗ ಬಿಡಿ: ಸಿನಿಮಾ ಜೊತೆ ಕಾದಂಬರಿ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಗೋರ್ಟಾ (ಬಿ), ಬೀದರ್ ಜಿಲ್ಲೆ

ಸಿನಿಮಾ, ವೆಬ್ ಸರಣಿ, ವಿಡಿಯೊ ಗೇಮ್‌ಗಳ ಬೆನ್ನಿಗೆ ವಿಜ್ಞಾನ ಕಾದಂಬರಿ ಬರೆಯಲು ಒಪ್ಪಿಕೊಂಡಿರುವ, ಮುಂದೆ ಒಪ್ಪಿಕೊಳ್ಳಲಿರುವ ಕನ್ನಡದ ಲೇಖಕ ಲೇಖಕಿಯರಿಗೆ, ಅವರಿಂದ ಬರೆಸುವ ಪ್ರಕಾಶಕರಿಗೆ ಮತ್ತು ನಿರ್ಮಾಪಕರಿಗೆ,



ಇಂಥ ಪುಸ್ತಕಗಳ ಮೊದಲ ನೂರು ಪುಟ ನನಗೆ ತುಂಬ ಇಷ್ಟ. ಕೊನೆಯ ಮೂವತ್ತು ಪುಟದ ಬಗ್ಗೆ ಮಾತಾಡಬೇಕು ಅಂತಲೇ ಈ ಪತ್ರ.

ಈ ಬಗೆಯ ಕಾದಂಬರಿಗಳನ್ನು ಕೀಳಾಗಿ ಕಾಣುವವರ ಪೈಕಿ ನಾನಲ್ಲ. ಸಿನಿಮಾಕ್ಕೋ ಗೇಮಿಗೋ ಅಂಟಿಕೊಂಡು ಬಂದದ್ದು ಸಾಹಿತ್ಯವೇ ಅಲ್ಲ, ಬರೀ ಜಾಹೀರಾತು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಬೇರೊಬ್ಬರು ಕಟ್ಟಿದ ಲೋಕ, ಬೇರೊಬ್ಬರು ಹೆಸರಿಟ್ಟ ಪಾತ್ರಗಳು, ಬೇರೊಬ್ಬರು ಗೊತ್ತುಮಾಡಿದ ತಾರೀಖು, ಇಷ್ಟರ ನಡುವೆ ಕೂತು ಒಂದು ಜೀವವನ್ನು ಪುಟದ ಮೇಲೆ ಉಸಿರಾಡಿಸುವುದು ಸಣ್ಣ ಕೆಲಸವಲ್ಲ. ಅದನ್ನು ಮಾಡಬಲ್ಲವರ ಮೇಲೆ ಗೌರವವಿದೆ. ಗೌರವ ಇರುವುದರಿಂದಲೇ ಬೇಸರವೂ ಆಗುತ್ತದೆ.

ಪುಣೆಯಲ್ಲಿ ಕೆಲಸ ಮಾಡುವ ನಮ್ಮ ಅಕ್ಕನ ಮಗ ಊರಿಗೆ ಬಂದಾಗಲೆಲ್ಲ ಚೀಲದಲ್ಲಿ ಒಂದೆರಡು ಇಂಗ್ಲಿಷ್ ಪುಸ್ತಕ ತರುತ್ತಾನೆ. ಈಚೆಗೆ ತಂದದ್ದು ಒಂದು ವಿಡಿಯೊ ಗೇಮಿನ ಕಥೆ ಹಿಡಿದು ಬರೆದ ಕಾದಂಬರಿ. ಹೆಸರು ಹೇಳುವುದಿಲ್ಲ, ಈ ಪತ್ರ ಯಾರೊಬ್ಬರ ಮೇಲಿನ ದೂರಲ್ಲ. ಶುರು ಅದ್ಭುತ. ದೂರದ ಗ್ರಹವೊಂದರ ಸುತ್ತ ತಿರುಗುವ ಹಳೆಯ ನಿಲ್ದಾಣ. ಅಲ್ಲಿ ನೀರು ಶುದ್ಧ ಮಾಡುವ ಯಂತ್ರ ನೋಡಿಕೊಳ್ಳುವ ನಡುವಯಸ್ಸಿನ ಹೆಂಗಸು, ಮೀಟರಿಗಿಂತ ಮೊದಲು ತನ್ನ ಮೂಗನ್ನು ನಂಬುವವಳು. ನೀರಿನ ವಾಸನೆ ಬದಲಾಗಿದೆ ಎಂದು ಅವಳು ಹೇಳುತ್ತಾಳೆ, ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅಲ್ಲಿಂದ ಪುಟಪುಟಕ್ಕೂ ನೀರು ಕಡಿಮೆಯಾಗುತ್ತ ಹೋಗುತ್ತದೆ. ಯಾರಿಗೆ ಎಷ್ಟು ಲೋಟ ಎನ್ನುವ ಜಗಳ, ಮೈ ತೊಳೆಯದ ಮಕ್ಕಳ ಕಂಕುಳಲ್ಲಿ ಏಳುವ ಹುಣ್ಣು, ರಾತ್ರಿ ಕದ್ದು ನಲ್ಲಿ ತಿರುಗಿಸುವ ಮೇಲಧಿಕಾರಿ. ಬೇಸಿಗೆಯಲ್ಲಿ ಕೊಡ ಹಿಡಿದು ಸಾಲಿನಲ್ಲಿ ನಿಂತು ಗೊತ್ತಿರುವ ನಮ್ಮ ಕಡೆಯವರಿಗೆ ಅದು ಬೇರೆ ಗ್ರಹದ ಕಥೆ ಅನ್ನಿಸುವುದೇ ಇಲ್ಲ.

ಆಮೇಲೆ, ಪುಸ್ತಕದಲ್ಲಿ ಇನ್ನು ಬೆರಳಷ್ಟು ದಪ್ಪ ಉಳಿದಿರುವಾಗ, ಗೇಮ್ ಆಡುವವರೆಲ್ಲರಿಗೂ ಗೊತ್ತಿರುವ ವೀರ ಹಡಗಿನಿಂದ ಇಳಿಯುತ್ತಾನೆ. ಅವನ ಹತ್ತಿರ ಅದೇನೋ ಸಾಧನ. ಗುಂಡು ಹಾರುತ್ತವೆ, ನಿಲ್ದಾಣ ಸಿಡಿಯುತ್ತದೆ, ವೀರ ಮುಂದಿನ ಭಾಗಕ್ಕೆ ಹೊರಡುತ್ತಾನೆ. ಆ ಹೆಂಗಸು ಏನಾದಳು ಎಂಬುದಕ್ಕೆ ಒಂದು ವಾಕ್ಯ. ನೀರು ಯಾಕೆ ಕೆಟ್ಟಿತ್ತು ಎಂಬುದಕ್ಕೆ ಅದೂ ಇಲ್ಲ.

“ಮಾಮಾ, ಕೊನಿ ಹ್ಯಾಂಗನಿಸ್ತು?” ಎಂದು ಹುಡುಗ ಕೇಳಿದ. “ಕೊನೀನೇ ಇಲ್ಲಲ್ಲೋ” ಎಂದೆ.

ಬೇರೆ ಕಾದಂಬರಿಗಿಂತ ವಿಜ್ಞಾನ ಕಾದಂಬರಿಯಲ್ಲಿ ಈ ಲೋಪ ದೊಡ್ಡದು. ಶುರುವಿನಲ್ಲಿ ನೀವು ಹೇಳಿದ್ದಕ್ಕೆಲ್ಲ ನಾವು ಹೂಂ ಅನ್ನುತ್ತೇವೆ. ಬೆಳಕಿಗಿಂತ ವೇಗದ ಹಡಗು ಅಂದರೆ ಹೂಂ, ಮನುಷ್ಯ ರಕ್ತಕಣದಷ್ಟು ಚಿಕ್ಕವನಾದ ಅಂದರೆ ಹೂಂ. ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಸಿದ ಹಾಗೆ ಅದು, ಅಂಗಡಿಯವನು ಮುಖ ನೋಡಿ ಕೊಡುತ್ತಾನೆ. ಕೊನೆಯ ಅಧ್ಯಾಯ ಆ ಖಾತೆ ತೀರಿಸುವ ದಿನ. ನಿಮ್ಮ ಲೋಕದ ನಿಯಮ ಯಾವುದೋ ಅದೇ ನಿಯಮ ಕೊನೆಯವರೆಗೂ ನಡೆಯಬೇಕು, ಅದರಿಂದಲೇ ಗಂಟು ಬಿಚ್ಚಬೇಕು. ಹೊರಗಿನಿಂದ ಬಂದ ಸಾಧನದಿಂದ ಬಿಚ್ಚಿದರೆ ಹಿಂದಿನ ನೂರು ಪುಟವೂ ನಮಗೆ ಸುಳ್ಳಾಗುತ್ತದೆ.

ಇದನ್ನು ಸರಿಯಾಗಿ ಅರಿತಿದ್ದವರು ವಿಜ್ಞಾನ ಕಾದಂಬರಿಕಾರ ಐಸಾಕ್ ಅಸಿಮೊವ್. 1966ರಲ್ಲಿ ‘ಫೆಂಟಾಸ್ಟಿಕ್ ವಾಯೇಜ್’ ಎಂಬ ಹಾಲಿವುಡ್ ಸಿನಿಮಾ ಬಂತು. ಬೆನೆಶ್ ಎಂಬ ವಿಜ್ಞಾನಿಯ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ, ಹೊರಗಿನಿಂದ ಕತ್ತಿ ಆಡಿಸುವಂತಿಲ್ಲ. ಐದು ಜನರನ್ನು ಪ್ರೋಟಿಯಸ್ ಎಂಬ ಸಬ್‌ಮರೀನಿನಲ್ಲಿ ಕೂರಿಸಿ, ಹಡಗು ಸಮೇತ ಸೂಕ್ಷ್ಮವಾಗಿಸಿ, ಸೂಜಿಯಿಂದ ರಕ್ತನಾಳಕ್ಕೆ ಬಿಡುತ್ತಾರೆ. ಅವರಿಗಿರುವುದು 60 ನಿಮಿಷ. ಅದು ದಾಟಿದರೆ ಎಲ್ಲವೂ ಮತ್ತೆ ಬೆಳೆಯತೊಡಗುತ್ತದೆ, ರೋಗಿಯ ತಲೆಯೊಳಗೇ. ಸಿನಿಮಾದ ಕೊನೆಯಲ್ಲಿ ಒಂದು ಬಿಳಿ ರಕ್ತಕಣ ಹಡಗನ್ನೂ ಅದರೊಳಗಿದ್ದ ದ್ರೋಹಿಯನ್ನೂ ನುಂಗುತ್ತದೆ, ಉಳಿದ ನಾಲ್ವರು ಕಣ್ಣಿನ ಕಡೆಗೆ ಈಜಿ ಕಣ್ಣೀರಿನ ಹನಿಯಲ್ಲಿ ಹೊರಬರುತ್ತಾರೆ. ಎಲ್ಲರಿಗೂ ಸಂತೋಷ.

ಆದರೆ ಹಡಗು ಒಳಗೇ ಉಳಿಯಿತಲ್ಲ? ಮುರಿದಿದ್ದರೂ, ನುಂಗಿಸಿಕೊಂಡಿದ್ದರೂ, ಅದರ ಒಂದೊಂದು ಚೂರೂ ದೊಡ್ಡದಾಗಲೇಬೇಕಲ್ಲ? ರೋಗಿ ಬದುಕುವುದು ಹೇಗೆ? ಸಿನಿಮಾ ನೋಡಿದ ಅಸಿಮೊವ್ ಅವರ ಪುಟ್ಟ ಮಗಳು ಇದೇ ಪ್ರಶ್ನೆ ಕೇಳಿದಳೆಂದು ಅವರೇ ಬರೆದುಕೊಂಡಿದ್ದಾರೆ. ಕಾದಂಬರಿ ರೂಪದ ಕೆಲಸ ಒಪ್ಪುವಾಗಲೇ ಅಸಿಮೊವ್ ಇಂಥ ತಪ್ಪುಗಳನ್ನು ತಿದ್ದುವ ಸ್ವಾತಂತ್ರ್ಯ ಕೇಳಿ ಪಡೆದಿದ್ದರು. ಅವರ ಪುಸ್ತಕದಲ್ಲಿ ನಾಲ್ವರು ಆ ಬಿಳಿ ಕಣವನ್ನೇ ತಮ್ಮ ಬೆನ್ನು ಹತ್ತುವಂತೆ ಮಾಡಿ ಕಣ್ಣಿನವರೆಗೆ ಸೆಳೆದು ತರುತ್ತಾರೆ. ಅವರ ಜೊತೆ ಹಡಗಿನ ಅವಶೇಷವೂ ಹೊರಗೆ ಬೀಳುತ್ತದೆ. ನಡುವೆ ಇನ್ನೊಂದು ಕಡೆ, ಶ್ವಾಸಕೋಶದಿಂದ ಗಾಳಿ ತುಂಬಿಕೊಳ್ಳುವ ಸನ್ನಿವೇಶದಲ್ಲಿ, ದೊಡ್ಡ ಗಾಳಿಯ ಅಣು ಸೂಕ್ಷ್ಮ ಮನುಷ್ಯನ ಉಸಿರಿಗೆ ಒದಗುವುದು ಹೇಗೆ ಎಂದು ಯೋಚಿಸಿ, ಆ ಗಾಳಿಯನ್ನೂ ಸೂಕ್ಷ್ಮವಾಗಿಸುವ ಯಂತ್ರವೊಂದನ್ನು ಹಡಗಿನಲ್ಲೇ ಇಟ್ಟರು. ಯಾರೂ ಕೇಳದಿದ್ದ ಲೆಕ್ಕವನ್ನೂ ಕೊಟ್ಟರು. ಪುಸ್ತಕ ಸಿನಿಮಾಕ್ಕಿಂತ ಕೆಲವು ತಿಂಗಳು ಮೊದಲೇ ಹೊರಬಿದ್ದದ್ದರಿಂದ ಪುಸ್ತಕ ಆಧರಿಸಿಯೇ ಸಿನಿಮಾ ಮಾಡಿದ್ದಾರೆಂದು ಬಹಳ ಜನ ತಿಳಿದರು. ಇಂಥ ಬರವಣಿಗೆಯನ್ನು ಬಾಡಿಗೆ ಕೆಲಸ ಎನ್ನುವವರು ಈ ಒಂದು ಪುಸ್ತಕ ಓದಬೇಕು.

ಎಲ್ಲರಿಗೂ ಆ ಸ್ವಾತಂತ್ರ್ಯ ಸಿಗುವುದಿಲ್ಲ, ಗೊತ್ತು. ಇಂಥ ಪುಸ್ತಕಗಳ ಕೊನೆ ಯಾಕೆ ಓಡುತ್ತದೆ ಎಂಬುದಕ್ಕೆ ಕಾರಣಗಳು ಬರೆಯುವವರ ಮನೆಯಲ್ಲಿಲ್ಲ. ಅವರ ಕೈಗೆ ಬರುವುದು ಶೂಟಿಂಗಿಗೆ ಮೊದಲಿನ ಚಿತ್ರಕಥೆ. ಬಿಡುಗಡೆಯ ವಾರ ಪುಸ್ತಕ ಅಂಗಡಿಯಲ್ಲಿರಬೇಕಾದರೆ ಅಚ್ಚು, ಬೈಂಡಿಂಗು, ಸಾಗಾಟ ಎಲ್ಲಕ್ಕೂ ತಿಂಗಳುಗಟ್ಟಲೆ ಬೇಕು. ಹಾಗಾಗಿ ಎಡಿಟಿಂಗ್ ಕೋಣೆಯಲ್ಲಿ ಕ್ಲೈಮ್ಯಾಕ್ಸ್ ಬದಲಾಗುತ್ತಿರುವಾಗಲೇ ಪುಸ್ತಕದ ಕ್ಲೈಮ್ಯಾಕ್ಸ್ ಅಚ್ಚಾಗಿ ಹೋಗಿರುತ್ತದೆ. ಅದಕ್ಕಿಂತ ಬಿಗಿಯಾದದ್ದು ಒಡೆತನ. ಮುಂದಿನ ಭಾಗಕ್ಕೆ ಬೇಕಾದ ಯಾರನ್ನೂ ಸಾಯಿಸಬಾರದು, ಮದುವೆ ಮಾಡಬಾರದು, ಅವರ ಮನಸ್ಸೂ ಹೆಚ್ಚು ಬದಲಾಗಬಾರದು. ಏನೂ ಬದಲಾಗಬಾರದ ಕಥೆಗೆ ಕೊನೆ ಎಲ್ಲಿಂದ ಬರಬೇಕು?

ಅಲನ್ ಡೀನ್ ಫಾಸ್ಟರ್ ಎಂಬ ಅಮೆರಿಕದ ಲೇಖಕರ ಬದುಕೇ ಇದಕ್ಕೆ ಸಾಕ್ಷಿ. ‘ಸ್ಟಾರ್ ವಾರ್ಸ್’ ಮೊದಲ ಸಿನಿಮಾದ ಕಾದಂಬರಿಯನ್ನು ಬರೆದವರು ಅವರು. ಸಿನಿಮಾ ತೆರೆಗೆ ಬಂದದ್ದು 1977ರಲ್ಲಿ, ಪುಸ್ತಕ ಅದಕ್ಕೆ ಮೊದಲೇ 1976ರಲ್ಲಿ ಬಂತು, ಮುಖಪುಟದ ಮೇಲಿದ್ದದ್ದು ಜಾರ್ಜ್ ಲೂಕಸ್ ಹೆಸರು. 1978ರಲ್ಲಿ ಅದೇ ಲೋಕದ ಅವರ ಇನ್ನೊಂದು ಕಾದಂಬರಿ ಹೊರಬಂತು, ಮೊದಲ ಸಿನಿಮಾ ಸೋತರೆ ಕಡಿಮೆ ಖರ್ಚಿನಲ್ಲಿ ಎರಡನೇ ಭಾಗ ತೆಗೆಯಲು ಆಗುವಂಥ ಕಥೆ ಬೇಕಿತ್ತಂತೆ. ಅದಕ್ಕೇ ಆ ಕಥೆ ನಡೆಯುವ ಗ್ರಹದ ತುಂಬ ಮಂಜು. ಮಂಜಿದ್ದರೆ ದೊಡ್ಡ ಸೆಟ್ ಬೇಡ. ಹ್ಯಾನ್ ಸೋಲೊ ಪಾತ್ರವೂ ಇಲ್ಲ, ಆ ನಟ ಮುಂದಿನ ಸಿನಿಮಾಕ್ಕೆ ಇನ್ನೂ ಸಹಿ ಹಾಕಿರಲಿಲ್ಲ. ದುಡ್ಡಿನ ಲೆಕ್ಕ ಗ್ರಹದ ಹವಾಮಾನವನ್ನೇ ತೀರ್ಮಾನಿಸಿತು. 1992ರ ‘ಏಲಿಯನ್ 3’ ಕಾದಂಬರಿ ಬರೆಯುವಾಗ, ಹಿಂದಿನ ಸಿನಿಮಾದಲ್ಲಿ ಅಷ್ಟು ಕಷ್ಟಪಟ್ಟು ಉಳಿಸಿದ್ದ ಪುಟ್ಟ ಹುಡುಗಿಯನ್ನು ಶುರುವಿನಲ್ಲೇ ಸಾಯಿಸುವುದು ಅವರಿಗೆ ಸರಿ ಕಾಣಲಿಲ್ಲ. ಅವಳನ್ನು ಬದುಕಿಸಿ ಬರೆದರು. ಒಪ್ಪಿಗೆ ಸಿಗಲಿಲ್ಲ. ಆ ಸರಣಿಯ ಮುಂದಿನ ಸಿನಿಮಾದ ಕಾದಂಬರಿಯನ್ನು ಅವರು ಬರೆಯಲಿಲ್ಲ.

ಹಾಗಂತ ಎಲ್ಲ ತಪ್ಪನ್ನೂ ಅವಸರದ ಮೇಲೆ ಹಾಕಲು ಮನಸ್ಸು ಒಪ್ಪುವುದಿಲ್ಲ. ಕನ್ನಡದ ಆದಿಕವಿಯನ್ನೇ ನೋಡಿ. ‘ವಿಕ್ರಮಾರ್ಜುನ ವಿಜಯ’ ಆರು ತಿಂಗಳಲ್ಲಿ ಮುಗಿಯಿತೆಂದು ಪಂಪನೇ ಹೇಳಿಕೊಂಡಿದ್ದಾನೆ. ಅದೂ ಒಡೆಯನಿಗಾಗಿ ಬರೆದದ್ದು. ವೇಮುಲವಾಡದ ಅರಸ ಅರಿಕೇಸರಿಯನ್ನು ಅರ್ಜುನನೊಂದಿಗೆ ಒಂದಾಗಿಸಿ ಇಡೀ ಭಾರತ ಹೇಳಬೇಕಿತ್ತು. ಆ ಕಟ್ಟಿಗೆ ಅವನು ತೆತ್ತ ಬೆಲೆ ಕೊನೆಯಲ್ಲೇ ಕಾಣುತ್ತದೆ, ಪಟ್ಟಕ್ಕೇರುವುದು ದ್ರೌಪದಿಯಲ್ಲ, ಸುಭದ್ರೆ. ಅಷ್ಟಾದರೂ ಕರ್ಣನನ್ನು ಮರೆಯಲಾರದಂತೆ ಬರೆದುಬಿಟ್ಟ. ಅರ್ಜುನನಿಗೆ ಅರ್ಪಿಸಿದ ಕಾವ್ಯದಲ್ಲಿ ಕರ್ಣನಿಗೆ ಅಷ್ಟು ಪ್ರೀತಿ ಕೊಡು ಎಂದು ಯಾವ ಅರಸನೂ ಹೇಳಿರಲಾರ.

ರನ್ನನ ವಿಷಯವನ್ನಂತೂ ನೀವು ಮತ್ತೆ ಮತ್ತೆ ಓದಿ. ನಮ್ಮ ಪಕ್ಕದ ಬಸವಕಲ್ಯಾಣವನ್ನು ಮುಂದೆ ರಾಜಧಾನಿ ಮಾಡಿಕೊಂಡ ಚಾಲುಕ್ಯ ವಂಶದ ಕವಿ ಅವನು. ಅವನಿಗೂ ಒಡೆಯನಿದ್ದ, ಸತ್ಯಾಶ್ರಯ ಇರಿವಬೆಡಂಗ. ಈ ಸಲ ಒಡೆಯನನ್ನು ಒಂದಾಗಿಸಿದ್ದು ಭೀಮನೊಂದಿಗೆ. ರನ್ನ ಏನು ಮಾಡಿದ? ಪಂಪ 14 ಆಶ್ವಾಸಗಳಲ್ಲಿ ಹೇಳಿದ ಕಥೆಯ 13ನೆಯ ಆಶ್ವಾಸವನ್ನು ಎತ್ತಿಕೊಂಡ. ಯುದ್ಧ ಮುಗಿಯುತ್ತ ಬಂದಿದೆ, ಕೌರವ ಸೋದರರಲ್ಲಿ ದುರ್ಯೋಧನ ಒಬ್ಬನೇ ಉಳಿದಿದ್ದಾನೆ, ಅಲ್ಲಿಂದ ಶುರು. ಆ ಕೊನೆಗೆ ಹತ್ತು ಆಶ್ವಾಸ ಕೊಟ್ಟ. ಹಿಂದೆ ನಡೆದದ್ದೆಲ್ಲ ಪಾತ್ರಗಳ ನೆನಪಿನಲ್ಲಿ, ಜಗಳದಲ್ಲಿ, ಹೆಣಗಳ ನಡುವಿನ ಗೋಳಿನಲ್ಲಿ ಬಂದು ಹೋಗುತ್ತದೆ. ಭೀಮನಿಗೆ ಪಟ್ಟ ಕಟ್ಟಿಸಿ ಒಡೆಯನ ಮಾತು ಉಳಿಸಿದ, ಓದಿದವರ ಮನಸ್ಸಿನಲ್ಲಿ ಮಾತ್ರ ರಣರಂಗದಲ್ಲಿ ಒಬ್ಬನೇ ನಡೆಯುವ ದುರ್ಯೋಧನ ನಿಂತುಬಿಟ್ಟ. ಒಪ್ಪಂದದ ಮೇಲೆ ಬರೆಯುವವರಿಗೆ ಇದಕ್ಕಿಂತ ದೊಡ್ಡ ಪಾಠ ಹಾಲಿವುಡ್ಡಿನಲ್ಲಿ ಸಿಗುವುದಿಲ್ಲ ಎಂದು ನಾನು ನಿಜಕ್ಕೂ ನಂಬಿದ್ದೇನೆ. ರನ್ನನಿಗೆ ಒಡೆಯನ ಹೆಸರಿತ್ತು, ಗೊತ್ತಿರುವ ಕಥೆಯಿತ್ತು, ಎಲ್ಲರಿಗೂ ಮೊದಲೇ ತಿಳಿದಿದ್ದ ಮುಕ್ತಾಯವಿತ್ತು. ಅವನು ತೀರ್ಮಾನಿಸಿದ್ದು ಒಂದೇ, ಎಲ್ಲಿ ನಿಧಾನಿಸಬೇಕು ಎಂಬುದನ್ನು.

ಹತ್ತಿರದ ಉದಾಹರಣೆ ಬೇಕೆಂದರೆ ತೇಜಸ್ವಿಯವರ ‘ಕರ್ವಾಲೊ’ ಇದೆ, 1980ರದ್ದು. ಜೇನು, ಮಂದಣ್ಣನ ಮದುವೆಯ ಗಲಾಟೆ, ಕೋರ್ಟು ಕಚೇರಿ ಎಂದು ಕಥೆ ಊರೊಳಗೇ ಸುತ್ತಾಡುತ್ತಿರುತ್ತದೆ. ಆಮೇಲೆ ಕರ್ವಾಲೊ, ಮಂದಣ್ಣ, ಬಿರಿಯಾನಿ ಕರಿಯಪ್ಪ, ಪ್ರಭಾಕರ, ಎಂಗ್ಟ, ಕಿವಿ ನಾಯಿ ಎಲ್ಲರೂ ಹಾರುವ ಓತಿ ಹುಡುಕಿ ಕಾಡಿಗೆ ನುಗ್ಗುತ್ತಾರೆ. ಓತಿ ಸಿಕ್ಕುತ್ತದೆ, ಕೈಗೆ ಸಿಕ್ಕುವುದಿಲ್ಲ. ಹಿಡಿಯಲಿಲ್ಲವಲ್ಲ ಎಂದು ಯಾವ ಓದುಗನೂ ಮೋಸಹೋದಂತೆ ಪುಸ್ತಕ ಮುಚ್ಚಿದ್ದು ನಾನು ಕಂಡಿಲ್ಲ. ಆ ಕಮರಿಯ ಅಂಚಿಗೆ ನಮ್ಮನ್ನು ನಡೆಸಿಕೊಂಡು ಹೋಗಲು ಲೇಖಕ ಬೇಕಾದಷ್ಟು ಹೊತ್ತು ತೆಗೆದುಕೊಂಡಿದ್ದಾರೆ.

ಕನ್ನಡದಲ್ಲಿ ದಾರಿ ಇಷ್ಟು ದಿನ ಇನ್ನೊಂದು ದಿಕ್ಕಿನದಾಗಿತ್ತು. ಕಾದಂಬರಿ ಮೊದಲು, ಸಿನಿಮಾ ಆಮೇಲೆ. ತ್ರಿವೇಣಿಯವರ ‘ಬೆಳ್ಳಿಮೋಡ’ 1967ರಲ್ಲಿ, ತರಾಸು ಅವರ ‘ನಾಗರಹಾವು’ 1972ರಲ್ಲಿ ತೆರೆಗೆ ಬಂದವು. ಸಿನಿಮಾದಿಂದ ಅಚ್ಚಿಗೆ ಬಂದದ್ದು ಟಾಕೀಸಿನ ಹೊರಗೆ ಮಾರುತ್ತಿದ್ದ ಹಾಡಿನ ಪುಸ್ತಕ. ತೆಳ್ಳನೆ ಕಾಗದ, ಮೊದಲ ಪುಟದಲ್ಲಿ ಕಥಾಸಾರ. ನಾಯಕ, ನಾಯಕಿ, ದುಷ್ಟ ಚಿಕ್ಕಪ್ಪ ಎಲ್ಲರನ್ನೂ ಪರಿಚಯಿಸಿ, ಕಥೆ ಕುದಿಯುವ ಹೊತ್ತಿಗೆ ‘ಮುಂದೇನಾಯಿತು ಬೆಳ್ಳಿತೆರೆಯ ಮೇಲೆ ನೋಡಿ’ ಎಂದು ನಿಲ್ಲಿಸುತ್ತಿದ್ದರು. ಅದು ಪ್ರಾಮಾಣಿಕ ವ್ಯವಹಾರ, ಕೊನೆ ನಮ್ಮಲ್ಲಿಲ್ಲ ಎಂದು ಹೇಳಿಯೇ ಮಾರುತ್ತಿದ್ದರು. ಈಗ ಕಾಲ ಬದಲಾಗಿದೆ. 2002ರ ‘ಹಾಲಿವುಡ್’ನಲ್ಲಿ ಉಪೇಂದ್ರ ರೋಬೊ ಆದರು, 2024ರಲ್ಲಿ ಕಾಲಪ್ರಯಾಣದ ‘ಬ್ಲಿಂಕ್’ ಬಂತು, ಅದೇ ವರ್ಷ ‘ಯುಐ’ ಬಂತು. ಇಂಥ ಸಿನಿಮಾಗಳ ಜೊತೆ ಪುಸ್ತಕವೂ ಬರಲಿ ಎಂಬುದು ನನ್ನ ಆಸೆ. ಕಾಲಪ್ರಯಾಣದ ಗಂಟುಗಳನ್ನು ಎರಡು ಗಂಟೆಯ ಸಿನಿಮಾಕ್ಕಿಂತ ನಿಧಾನವಾಗಿ, ಹಿಂದಕ್ಕೂ ಮುಂದಕ್ಕೂ ಪುಟ ತಿರುಗಿಸುತ್ತ ಬಿಡಿಸಿಕೊಳ್ಳುವ ಸುಖ ಕನ್ನಡದ ಹುಡುಗರಿಗೂ ಸಿಗಬೇಕು. ಆದರೆ ಹಾಡಿನ ಪುಸ್ತಕದ ಬೆಲೆಯ ಹತ್ತಿಪ್ಪತ್ತು ಪಟ್ಟು ತೆಗೆದುಕೊಂಡು ಹಾಡಿನ ಪುಸ್ತಕದಷ್ಟೇ ಕೊನೆ ಕೊಡಬೇಡಿ.

ಕೊನೆಗಳ ಬಗ್ಗೆ ನಾನು ಇಷ್ಟು ಹಠ ಹಿಡಿಯುವುದಕ್ಕೆ ನನ್ನ ಊರೂ ಒಂದು ಕಾರಣ. 1948ರ ಮೇ ತಿಂಗಳಲ್ಲಿ ಗೋರ್ಟಾದಲ್ಲಿ ಹೈದರಾಬಾದ್ ನಿಜಾಮನ ಪರವಾಗಿದ್ದ ರಜಾಕಾರರು ನಡೆಸಿದ ಹತ್ಯಾಕಾಂಡದ ಬಗ್ಗೆ ನೀವು ಕೇಳಿರುತ್ತೀರಿ. ಸತ್ತವರು ಇನ್ನೂರರಷ್ಟು ಎನ್ನುತ್ತಾರೆ, ಹುತಾತ್ಮರ ಸ್ಮಾರಕ ಊರಲ್ಲೇ ಇದೆ. ಆ ದಿನವನ್ನು ಹಿರಿಯರು ಹೇಳುವಾಗ ಯಾರ ಮನೆ, ಯಾವ ಬಾಗಿಲು, ಯಾರು ಎಲ್ಲಿ ಅಡಗಿದ್ದರು ಎಂದು ಬಿಡಿಬಿಡಿಯಾಗಿ ಹೇಳುತ್ತಾರೆ. ಸೆಪ್ಟೆಂಬರಿಗೆ ಬಂದ ಕೂಡಲೇ “ಪೊಲೀಸ್ ಆ್ಯಕ್ಷನ್ ಆಯ್ತು, ಎಲ್ಲಾ ಮುಗೀತು” ಎಂದು ಎದ್ದುಬಿಡುತ್ತಾರೆ. ಭಾರತದ ಸೈನ್ಯ ಬಂದದ್ದು ಸೆಪ್ಟೆಂಬರ್ 13ಕ್ಕೆ, ನಿಜಾಮ ಸೋಲೊಪ್ಪಿದ್ದು 17ಕ್ಕೆ. ಎಲ್ಲಾ ಮುಗಿದಿರಲಿಲ್ಲ. ಆಮೇಲೆ ಬೀದರ್, ಕಲಬುರಗಿ, ಉಸ್ಮಾನಾಬಾದ್, ನಾಂದೇಡ್ ಜಿಲ್ಲೆಗಳಲ್ಲಿ ರಜಾಕಾರರ ಗೊಡವೆಗೇ ಹೋಗದಿದ್ದ ಮುಸ್ಲಿಂ ಮನೆಗಳೂ ಕೊಲೆ, ಲೂಟಿಗೆ ಸಿಕ್ಕವು. ನೆಹರೂ ಕಳಿಸಿದ ಪಂಡಿತ್ ಸುಂದರ್‌ಲಾಲ್ ಅವರ ತಂಡ ಊರೂರು ತಿರುಗಿ ವರದಿ ಬರೆಯಿತು, ಆ ವರದಿ ದಶಕಗಟ್ಟಲೆ ಜನರ ಕೈಗೆ ಸಿಗಲಿಲ್ಲ. ಮೇ ತಿಂಗಳ ನೋವನ್ನು ನಾವು ಹೇಳಲೇಬೇಕು, ಹೇಳುತ್ತಲೇ ಇರಬೇಕು. ಅದೇ ಬಾಯಲ್ಲಿ ಆ ಕೊನೆಯನ್ನೂ ಪೂರ್ತಿ ಹೇಳಬೇಕು.

ಸಿನಿಮಾ ಕಾದಂಬರಿಯನ್ನು ಈ ಇತಿಹಾಸದ ಪಕ್ಕ ತೂಗುತ್ತಿಲ್ಲ, ತಪ್ಪು ತಿಳಿಯಬೇಡಿ. ಅವಸರದ ಮುಕ್ತಾಯದಲ್ಲಿ ಯಾರು ಕಳೆದುಹೋಗುತ್ತಾರೆ ಎಂಬುದನ್ನು ಗಮನಿಸುವ ಅಭ್ಯಾಸ ನಮಗೆ ಇಲ್ಲಿಂದ ಬಂದಿದೆ. ವೀರ ಯಾವತ್ತೂ ಕಳೆದುಹೋಗುವುದಿಲ್ಲ. ನೀರಿನ ವಾಸನೆ ಹಿಡಿದ ಹೆಂಗಸು ಕಳೆದುಹೋಗುತ್ತಾಳೆ.

ಇನ್ನು ನನ್ನ ಬೇಡಿಕೆಗಳು. ಪ್ರಕಾಶಕರೇ, ಪುಸ್ತಕ ಸಿನಿಮಾದ ದಿನವೇ ಬರಬೇಕೆಂಬ ಹಠ ಬಿಡಿ. ‘2001: ಎ ಸ್ಪೇಸ್ ಒಡಿಸ್ಸಿ’ ಸಿನಿಮಾ 1968ರ ಏಪ್ರಿಲ್‌ನಲ್ಲಿ ಬಂತು, ಆರ್ಥರ್ ಕ್ಲಾರ್ಕ್ ಅವರ ಕಾದಂಬರಿ ಕೆಲವು ತಿಂಗಳು ಬಿಟ್ಟು ಬಂತು. ಸಿನಿಮಾದ ಮೂಕ ಕೊನೆಯ ಮುಂದೆ ತಲೆ ಕೆರೆದುಕೊಂಡ ಜನ ಪುಸ್ತಕ ಹುಡುಕಿಕೊಂಡು ಹೋದರು. ಕ್ಲಾರ್ಕ್ ಬರೆದು ಬಿಟ್ಟ ಅಧ್ಯಾಯಗಳು, ಬೇರೆ ಬೇರೆ ಮುಕ್ತಾಯಗಳು ಎಷ್ಟಿದ್ದವೆಂದರೆ 1972ರಲ್ಲಿ ಅವನ್ನೇ ಸೇರಿಸಿ ಇನ್ನೊಂದು ಪುಸ್ತಕ ಮಾಡಿದರು. ಒಂದು ಕೊನೆಗಾಗಿ ಅಷ್ಟು ಸಲ ಬರೆಯಲು ಲೇಖಕರಿಗೆ ಕಾಲಾವಕಾಶ ಕೊಡಿ, ಆ ಕಾಲಕ್ಕೆ ತಕ್ಕ ಸಂಭಾವನೆಯನ್ನೂ ಕೊಡಿ. ನಿರ್ಮಾಪಕರೇ, ಕ್ಲೈಮ್ಯಾಕ್ಸ್ ಬದಲಾದ ದಿನವೇ ಲೇಖಕರಿಗೆ ಫೋನ್ ಮಾಡಿ ತಿಳಿಸಿ. ಗುಟ್ಟು ಹೊರಬೀಳುತ್ತದೆಂಬ ಭಯವಿದ್ದರೆ ಒಪ್ಪಂದದಲ್ಲಿ ಬರೆಸಿಕೊಳ್ಳಿ. ಪುಸ್ತಕದ ಮುಖಪುಟದ ಮೇಲೆ ಬರೆದವರ ಹೆಸರೇ ಇರಲಿ.

ಬರೆಯುವ ತಮ್ಮಂದಿರೇ, ತಂಗಿಯರೇ, ಸಹಿ ಹಾಕುವ ಮೊದಲು ಅಸಿಮೊವ್ ಕೇಳಿದ್ದನ್ನು ಕೇಳಿ: ಕಥೆಯಲ್ಲಿ ತೂತು ಕಂಡರೆ ಮುಚ್ಚುವ ಹಕ್ಕು ನನಗಿರಬೇಕು. ನಿಮ್ಮ ಸ್ವಂತ ಪಾತ್ರ ಒಬ್ಬರನ್ನಾದರೂ ಒಳಗೆ ತನ್ನಿ, ಕಂಪನಿಯ ಪಟ್ಟಿಯಲ್ಲಿ ಇಲ್ಲದವರನ್ನು. ಅವರು ಸಾಯಬಹುದು, ಬದಲಾಗಬಹುದು, ಸೋಲಬಹುದು, ಅದನ್ನು ಯಾರೂ ತಡೆಯುವುದಿಲ್ಲ. ಕಥೆ ಅವರಲ್ಲಿ ಮುಗಿಯಲಿ. ಕರಡು ಸಿದ್ಧವಾದಾಗ ಒಬ್ಬ ಭೌತಶಾಸ್ತ್ರದ ಮೇಷ್ಟ್ರಿಗೂ ಒಬ್ಬ ಎಂಟನೇ ಇಯತ್ತೆಯ ಹುಡುಗಿಗೂ ಕೊಟ್ಟು ಓದಿಸಿ. ಹಡಗು ಒಳಗೇ ಉಳಿಯಿತಲ್ಲ ಎಂದು ಆ ಇಬ್ಬರಲ್ಲಿ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ.

ಮೂರನೆಯ ಓದುಗ ಬೇಕಾದರೆ ನಾನಿದ್ದೇನೆ. ಕೈಬರಹದಲ್ಲಿ ಕಳಿಸಿದರೂ ಓದುತ್ತೇನೆ, ಕೊನೆಯ ಅಧ್ಯಾಯವನ್ನು ಎರಡು ಸಲ.

ಇಂತಿ,
ಗೋರ್ಟಾ (ಬಿ)ಯ ಒಬ್ಬ ಓದುಗ